ವೀಸಾ ಮೀಮಾಂಸೆ: ಲಕ್ಷ್ಮಮ್ಮನ ಏಕತ್ವವನ್ನು ಕುರಿತು

ಸ್ಟಾಂಪು, ಸೀಲು, ಸಹಿಗಳೆಂಬ ತ್ರಿಮೂರ್ತಿಗಳಿಗೆ ನಮಿಸಿ ಈ ಶಾಸ್ತ್ರವನ್ನು ಆರಂಭಿಸುತ್ತೇವೆ.

ವಿಷಯ: ತಾರ್ಕಿಕರ ದೇವದತ್ತನ ಜಾಗದಲ್ಲಿ ಇಲ್ಲಿ ಲಕ್ಷ್ಮಮ್ಮನನ್ನು ಉದಾಹರಣೆಗೆ ತೆಗೆದುಕೊಳ್ಳಲಾಗಿದೆ. ಹುಟ್ಟಿದ್ದು ಚಿಂತಾಮಣಿ ತಾಲ್ಲೂಕು, ಓದಿದ್ದು ಗೌರಿಬಿದನೂರು, ಕೊಟ್ಟದ್ದು ಶಿಡ್ಲಘಟ್ಟಕ್ಕೆ. ಅಮೆರಿಕದ ಪೌರತ್ವ ಪಡೆದ ಮಗಳು ತಾಯಿಯನ್ನು ಕಾಯಂ ಆಗಿ ಕರೆಸಿಕೊಳ್ಳಲು ಅರ್ಜಿ ಹಾಕಿದ್ದಾಳೆ. ಪ್ರಶ್ನೆ: ಲಕ್ಷ್ಮಮ್ಮ ಯಾರು? ಶಿಡ್ಲಘಟ್ಟದ ರೇಷ್ಮೆಗೂಡಿನ ಮಾರುಕಟ್ಟೆಯಲ್ಲಿ ಯಾರನ್ನು ಕೇಳಿದರೂ ಹೇಳಿಯಾರು. ಆದರೆ ವೀಸಾಶಾಸ್ತ್ರಕ್ಕೆ ಪ್ರತ್ಯಕ್ಷ ಸಾಲದು, ಅನುಮಾನವಂತೂ ವೀಸಾಧಿಕಾರಿಗೇ ಮೀಸಲು.

ಪೂರ್ವಪಕ್ಷ: ಲಕ್ಷ್ಮಮ್ಮ ಒಬ್ಬಳಲ್ಲ. ಶಾಲೆಯ ಟಿ.ಸಿ.ಯಲ್ಲಿ ಲಕ್ಷ್ಮಮ್ಮ, ಆಧಾರ್‌ನಲ್ಲಿ ಲಕ್ಷ್ಮೀದೇವಮ್ಮ, ರೇಷನ್ ಕಾರ್ಡಿನಲ್ಲಿ ಲಕ್ಷ್ಮೀದೇವಿ. ಪಾಸ್‌ಪೋರ್ಟಿನಲ್ಲಿ ಇನಿಷಿಯಲ್ ಬಿಡಿಸಿದ್ದರಿಂದ ತಂದೆ, ಊರು ಎರಡೂ ಹೆಸರಿನೊಳಗೆ ಬಂದು ಕೂತಿವೆ. ಆದ್ದರಿಂದ ನಾಲ್ವರು ಎಂಬುದು ದ್ವೈತಿಗಳ ವಾದ.

ಜನನ ಪ್ರಕರಣ: 1969ರ ಜನನ ಮರಣ ನೋಂದಣಿ ಕಾಯ್ದೆಗೂ ಮೊದಲು ಮನೆಯಲ್ಲೇ ಹುಟ್ಟಿದವಳು. ಶಾಲೆಗೆ ಸೇರಿಸುವಾಗ ಮೇಷ್ಟ್ರು ಕರುಣಿಸಿದ ದಿನ ಜೂನ್ 1. ಒಂದೇ ತಾರೀಖಿಗೆ ಊರಿನ ಅರ್ಧ ತರಗತಿ ಹುಟ್ಟಿದ್ದು ಈ ಸೀಮೆಯ ವಿಶೇಷ. ಜನನ ದಾಖಲೆ ಇಲ್ಲವೆಂದಾದರೆ, ಇಲ್ಲ ಎಂಬುದಕ್ಕೊಂದು ಪತ್ರ ತರಬೇಕು. ಜೊತೆಗೆ ಹುಟ್ಟಿದ್ದು ಬಲ್ಲ ಹಿರಿಯರ ಅಫಿಡವಿಟ್ಟು. ಕುಮಾರಿಲಭಟ್ಟರು ‘ಅನುಪಲಬ್ಧಿ’ಯನ್ನು, ಅಂದರೆ ಕಾಣದಿರುವುದನ್ನೇ ಒಂದು ಪ್ರಮಾಣವೆಂದು ಒಪ್ಪಿದ್ದರು. ಅದಕ್ಕೆ ಸೀಲು ಒತ್ತಿದ ಕೀರ್ತಿ ಮಾತ್ರ ನಮ್ಮ ಕಚೇರಿಗಳದು.

ಕ್ಷೇತ್ರ ಪ್ರಕರಣ: ಟಿ.ಸಿ. ಪ್ರಕಾರ ಆಕೆ ಕೋಲಾರ ಜಿಲ್ಲೆಯವಳು, ಪಾಸ್‌ಪೋರ್ಟಿನ ಪ್ರಕಾರ ಚಿಕ್ಕಬಳ್ಳಾಪುರ ಜಿಲ್ಲೆಯವಳು. 2007ರಲ್ಲಿ ಜಿಲ್ಲೆ ಒಡೆದಾಗ ಲಕ್ಷ್ಮಮ್ಮ ಕೂತಲ್ಲಿಂದ ಏಳಲಿಲ್ಲ, ಜಿಲ್ಲೆಯೇ ಎದ್ದು ಹೋಯಿತು. ಇದನ್ನು ವೀಸಾಧಿಕಾರಿಗೆ ವಿವರಿಸುವ ಭಾರ ಮಾತ್ರ ಆಕೆಯದು.

ಭಾಷಾಂತರ ಪ್ರಕರಣ: ಕನ್ನಡದ ಪ್ರತಿ ಕಾಗದವೂ ಇಂಗ್ಲಿಷಾಗಬೇಕು. ಅನುವಾದ ಪೂರ್ಣವಾಗಿದೆ, ಸರಿಯಾಗಿದೆ, ಎರಡೂ ಭಾಷೆ ತನಗೆ ಬರುತ್ತದೆ ಎಂದು ಅನುವಾದಕನೇ ಬರೆದು ಸಹಿ ಮಾಡಬೇಕು. ಅರ್ಧ ಅಳಿಸಿದ ಸೀಲಿನೊಳಗಿನ ಅಕ್ಷರವನ್ನೂ ಬಿಡುವಂತಿಲ್ಲ. ಮೂಲದಲ್ಲಿ ಗುಮಾಸ್ತರು ಮಾಡಿದ ತಪ್ಪನ್ನು ತಿದ್ದಿದರೆ ಅನುವಾದವೇ ತಪ್ಪು.

ಸಿದ್ಧಾಂತ: ಅಂದು ಕಂಡ ದೇವದತ್ತನೇ ಇಂದಿನ ಈ ದೇವದತ್ತ ಎಂದು ಸಾಧಿಸಲು ವೇದಾಂತಿಗಳು ಗ್ರಂಥಗಳನ್ನೇ ಬರೆದರು. ತಾಲ್ಲೂಕು ಕಚೇರಿ ಎದುರಿನ ನೋಟರಿ ಅದನ್ನು ಒಂದು ಸ್ಟಾಂಪ್ ಪೇಪರಿನಲ್ಲಿ ಮುಗಿಸುತ್ತಾರೆ: ಮೇಲ್ಕಂಡ ನಾಲ್ವರೂ ಒಬ್ಬರೇ, ಅದು ನಾನೇ. ಅದ್ವೈತ ಸಿದ್ಧಿಸಿತು, ಫೀಸು ಪ್ರತ್ಯೇಕ.

ಫಲಶ್ರುತಿ: ಈ ಶಾಸ್ತ್ರವನ್ನು ಓದಿದವರು ಇಂದೇ ಆಧಾರ್, ಅಂಕಪಟ್ಟಿ, ಪಾಸ್‌ಪೋರ್ಟುಗಳನ್ನು ಪಕ್ಕಪಕ್ಕ ಇಟ್ಟು ಅಕ್ಷರ ಅಕ್ಷರ ತಾಳೆ ನೋಡತಕ್ಕದ್ದು. ಮನೆಯಲ್ಲಿ ಮಗು ಹುಟ್ಟಿದರೆ 21 ದಿನದೊಳಗೆ ನೋಂದಾಯಿಸಿ, ಅಷ್ಟರೊಳಗೆ ಶುಲ್ಕವಿಲ್ಲ. ಹೆಸರನ್ನು ಒಂದೇ ಸಲ, ಒಂದೇ ರೀತಿ ಬರೆಸಿ.