ವಾರ್ಡ್‌ಸಭಾ ಮೀಮಾಂಸೆ ಅಥವಾ ಬಾರದವರ ಮಹಿಮೆ

1. ಪ್ರಸ್ತಾವನೆ

ಬೆಂಗಳೂರಿನ ವಾರ್ಡ್ ಸಭೆಯ ಬಗ್ಗೆ ಪತ್ರಿಕೆಗಳಲ್ಲಿ ದೂರುಗಳಿವೆ, ಕಪಾಟುಗಳಲ್ಲಿ ನಡಾವಳಿಗಳಿವೆ, ನಿವಾಸಿಗಳ ಎದೆಯಲ್ಲಿ ನಿಟ್ಟುಸಿರಿದೆ. ಶಾಸ್ತ್ರ ಮಾತ್ರ ಇಲ್ಲ. ನಾಟ್ಯಕ್ಕೆ ಶಾಸ್ತ್ರವುಂಟು, ಪಾಕಕ್ಕೆ ಉಂಟು, ಆನೆಯ ಹೊಟ್ಟೆನೋವಿಗೂ ಉಂಟು. ಸಮುದಾಯ ಭವನದ ಪ್ಲಾಸ್ಟಿಕ್ ಕುರ್ಚಿಗಳ ಮೇಲೆ ಎರಡು ಗಂಟೆ ನಡೆದು, ನವರಸಗಳಲ್ಲಿ ಶೃಂಗಾರವೊಂದನ್ನು ಬಿಟ್ಟು ಉಳಿದೆಂಟನ್ನೂ ಉಕ್ಕಿಸುವ ಈ ಕಲೆಗೆ ಒಬ್ಬ ಭಾಷ್ಯಕಾರನೂ ಹುಟ್ಟಲಿಲ್ಲವೆಂಬುದು ಕನ್ನಡ ವಿದ್ವತ್ತಿಗೆ ಶೋಭೆ ತರುವ ಸಂಗತಿಯಲ್ಲ. ಆ ಕೊರತೆ ನೀಗಲೆಂದೇ ಈ ಪ್ರಬಂಧ.

ಸೂತ್ರವಿಲ್ಲದೆ ಶಾಸ್ತ್ರವಿಲ್ಲವಾದ್ದರಿಂದ ಒಂದನ್ನು ನಾನೇ ಹೊಸೆದಿದ್ದೇನೆ: ಯೋ ನಾಗತಃ ಸ ಕರ್ತಾ. ಸಭೆಗೆ ಯಾರು ಬಂದಿಲ್ಲವೋ ಕೆಲಸ ಮಾಡಬೇಕಾದವರು ಅವರೇ ಎಂದು ಇದರ ತಾತ್ಪರ್ಯ. ಸಂಸ್ಕೃತದಲ್ಲಿ ಹೇಳಿದ ಮೇಲೆ ಪುರಾವೆ ಕೇಳುವವರು ಕಡಿಮೆ; ಆದರೂ ಪದ್ಧತಿ ಬಿಡಬಾರದೆಂದು ಮುಂದೆ ಒದಗಿಸಲಾಗಿದೆ.

2. ಪೂರ್ವಸೂರಿಗಳು

ಊರಿನವರಿಗೂ ಅಧಿಕಾರಿಗಳಿಗೂ ಇರುವ ಈ ನಂಟು ಇಂದು ನಿನ್ನೆಯದಲ್ಲ. ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ನಗರಕ್ಕೊಬ್ಬ ನಾಗರಕನಿದ್ದಾನೆ; ಅವನ ಕೈಕೆಳಗೆ ಹತ್ತು, ಇಪ್ಪತ್ತು ಅಥವಾ ನಲವತ್ತು ಕುಟುಂಬಗಳಿಗೊಬ್ಬ ಗೋಪ. ಬೀದಿಗೆ ಮಣ್ಣು ಸುರಿದವನಿಗೆ ಪಣದ ಎಂಟನೆಯ ಒಂದು ಪಾಲು ದಂಡ, ಕೆಸರುನೀರು ಕಟ್ಟಿ ನಿಲ್ಲಿಸಿದವನಿಗೆ ಕಾಲು ಪಣ, ರಾಜಮಾರ್ಗದಲ್ಲಾದರೆ ಇಮ್ಮಡಿ. ತನ್ನ ಪಾಲಿನ ಮನೆಗಳವರ ಹೆಸರು, ಕಸುಬು, ಆಯ-ವ್ಯಯಗಳೆಲ್ಲ ಗೋಪನಿಗೆ ಗೊತ್ತಿರಬೇಕಿತ್ತು. ಈಗ ಜ್ಞಾನ ಹರಿಯುವ ದಿಕ್ಕು ಬದಲಾಗಿದೆ. ತನ್ನ ಬೀದಿಯ ಇಂಜಿನಿಯರ್ ಯಾರೆಂದು ತಿಳಿಯಲು ನಿವಾಸಿಯೇ 2005ರ ಮಾಹಿತಿ ಹಕ್ಕು ಕಾಯ್ದೆಯಡಿ 10 ರೂಪಾಯಿ ಕಟ್ಟಿ ಅರ್ಜಿ ಹಾಕುವುದುಂಟು.

ನಮ್ಮ ನೆಲದ ಆಧಾರ ಇನ್ನೂ ಗಟ್ಟಿ. ಈಗಿನ ಗದಗ ಜಿಲ್ಲೆಯ ಲಕ್ಷ್ಮೇಶ್ವರದಲ್ಲಿ ಸುಮಾರು ಕ್ರಿ.ಶ. 725ರ ಶಾಸನವೊಂದಿದೆ. ಚಾಲುಕ್ಯ ಯುವರಾಜ ವಿಕ್ರಮಾದಿತ್ಯ ಆಗ ಪೊರಿಗೆರೆಯೆನಿಸಿದ್ದ ಆ ಊರಿನ ಮಹಾಜನರಿಗೂ ಹದಿನೆಂಟು ಪ್ರಕೃತಿಗಳಿಗೂ, ಎಂದರೆ ಪ್ರಜಾವರ್ಗಗಳಿಗೂ, ಹಾಕಿಕೊಟ್ಟ ಆಚಾರವ್ಯವಸ್ಥೆ ಅದು. ರಾಜಪುರುಷರು ಊರಿಗೆ ಏನನ್ನು ಕಾಪಾಡಿಕೊಡಬೇಕು, ಊರವರು ಏನನ್ನು ತೆರಬೇಕು ಎಂಬೆರಡೂ ಅದರಲ್ಲಿವೆ. ತೆರಿಗೆ ಮನೆಯ ಅಂತಸ್ತಿಗೆ ತಕ್ಕಂತೆ. ಕಟ್ಟುವುದು ವೈಶಾಖ ಮಾಸದಲ್ಲಿ. ಬೆಂಗಳೂರಿನಲ್ಲಿ ಏಪ್ರಿಲ್ ತಿಂಗಳೊಳಗೆ ಆಸ್ತಿ ತೆರಿಗೆ ಕಟ್ಟಿದವರಿಗೆ ಶೇಕಡಾ 5ರ ರಿಯಾಯಿತಿ ಕೊಡುತ್ತ ಬಂದಿರುವುದನ್ನು ಇದರ ಪಕ್ಕದಲ್ಲಿಟ್ಟು ನೋಡಬೇಕು. ಆ ಒಪ್ಪಂದದ ಎರಡು ಬದಿಗಳಲ್ಲಿ 1300 ವರ್ಷ ಕದಲದೆ ನಿಂತದ್ದು ಬೇಸಿಗೆಯ ವಸೂಲಿಯೊಂದೇ.

ತಮಿಳುನಾಡಿನ ಉತ್ತಿರಮೇರೂರಿನಲ್ಲಿ, ಹತ್ತನೆಯ ಶತಮಾನದ ಚೋಳರ ಕಾಲದಲ್ಲಿ, 30 ಪಾಳ್ಯಗಳಿಂದ ಚೀಟಿ ಎತ್ತಿ ಕೆರೆಗೊಂದು, ತೋಟಕ್ಕೊಂದು ಸಮಿತಿ ಮಾಡುತ್ತಿದ್ದರು. ಹಿಂದೆ ಸಮಿತಿಯಲ್ಲಿದ್ದು ಲೆಕ್ಕ ಒಪ್ಪಿಸದವನಿಗೂ ಅವನ ಹತ್ತಿರದ ನಂಟರಿಗೂ ಚೀಟಿಯಲ್ಲಿ ಹೆಸರಿಲ್ಲ. ಈ ನಿಯಮವನ್ನು ಇಂದು ಜಾರಿಗೆ ತಂದರೆ ಸಮಿತಿಗೆ ಜನ ಸಿಗುವುದು ಕಷ್ಟ. ಆದ್ದರಿಂದ ಅದನ್ನು ಇತಿಹಾಸ ವಿಭಾಗಕ್ಕೇ ಬಿಟ್ಟು ಮುಂದೆ ಹೋಗೋಣ.

3. ಅನುಬಂಧ ಚತುಷ್ಟಯ

ಶಾಸ್ತ್ರ ಬರೆಯುವವರು ಆರಂಭದಲ್ಲೇ ನಾಲ್ಕು ಮಾತು ಹೇಳಬೇಕೆಂದು ನಿಯಮ: ಅಧಿಕಾರಿ, ವಿಷಯ, ಸಂಬಂಧ, ಪ್ರಯೋಜನ. ವಾರ್ಡ್ ಸಭೆಯಲ್ಲಿ ಅಧಿಕಾರಿ ಬಂದಿದ್ದರೆ ವಿಷಯ ಅವರಿಗೆ ಸಂಬಂಧಿಸಿರುವುದಿಲ್ಲ; ಸಂಬಂಧಿಸಿದ್ದರೆ ಪ್ರಯೋಜನವಿರುವುದಿಲ್ಲ. ನಾಲ್ಕೂ ಮುಗಿದವು.

ಇನ್ನು ಪಾತ್ರವರ್ಗ. ನಿವಾಸಿಗಳಲ್ಲಿ ಮುಖ್ಯ ಪ್ರಭೇದಗಳು ಮೂರು. ಮೊದಲನೆಯವರು ಕಡತಧಾರಿಗಳು. ಸಾಮಾನ್ಯವಾಗಿ ನಿವೃತ್ತರು. ಪ್ಲಾಸ್ಟಿಕ್ ಫೋಲ್ಡರಿನಲ್ಲಿ ಎಲ್ಲ ಅರ್ಜಿಗಳ ಜೆರಾಕ್ಸ್, ಎಲ್ಲ ಜೆರಾಕ್ಸ್‌ಗಳ ಮೇಲೆ ಸ್ವೀಕೃತಿಯ ಮೊಹರು. ಎರಡನೆಯವರು ಚಿತ್ರಧಾರಿಗಳು. ಮೊಬೈಲನ್ನು ಸಾಹೇಬರ ಮೂಗಿನ ಹತ್ತಿರ ಹಿಡಿದು ಬೆರಳಿನಿಂದ ರಸ್ತೆಗುಂಡಿಯನ್ನು ಹಿಗ್ಗಿಸಿ ತೋರಿಸುವವರು. ಮೂರನೆಯವರು ಪೌರಾಣಿಕರು. "ನಾವು ಸೈಟ್ ತಗೊಂಡಾಗ ಇಲ್ಲೆಲ್ಲ ರಾಗಿ ಹೊಲ, ಸ್ವಾಮಿ" ಎಂದು ಆರಂಭಿಸಿ ಚರಂಡಿಗೆ ಬರುವಷ್ಟರಲ್ಲಿ ಕಾಫಿ ಬಂದಿರುತ್ತದೆ.

ಅಧಿಕಾರಿಗಳಲ್ಲಿ ಪ್ರಭೇದ ಎರಡೇ. ಒಬ್ಬರು ಹೊಸಬರು: "ನಾನು ಚಾರ್ಜ್ ತಗೊಂಡು ಹದಿನೈದು ದಿನ ಆಯ್ತಷ್ಟೆ ಸಾರ್." ಇನ್ನೊಬ್ಬರು ಪ್ರತಿನಿಧಿ: "ಸಾಹೇಬ್ರು ಮೀಟಿಂಗಲ್ಲಿದ್ದಾರೆ, ನನ್ನನ್ನ ಕಳಿಸಿದ್ರು." ಒಂದು ಮೀಟಿಂಗಿಗೆ ಬಾರದಿರಲು ಕಾರಣ ಇನ್ನೊಂದು ಮೀಟಿಂಗ್ ಎಂಬುದನ್ನು ಓದುಗರು ನೆನಪಿನಲ್ಲಿಡಬೇಕು. ಸೂತ್ರದ ಬೀಜ ಇಲ್ಲಿದೆ.

4. ನಾಲ್ಕನೇ ಕ್ರಾಸಿನ ಚೇಂಬರ್

ಸಿದ್ಧಾಂತಕ್ಕೆ ದೃಷ್ಟಾಂತ ಬೇಕು. ಯಾವುದೋ ಒಂದು ಬಡಾವಣೆಯ ನಾಲ್ಕನೇ ಕ್ರಾಸಿನಲ್ಲಿ, ಹೊಂಗೆ ಮರದ ಬುಡದಲ್ಲಿ, ಒಳಚರಂಡಿಯ ಚೇಂಬರ್ ಉಕ್ಕುತ್ತಿದೆ ಎಂದಿಟ್ಟುಕೊಳ್ಳೋಣ.

"ಸಾರ್, ವಾಸನೆಗೆ ಬಾಗಿಲು ತೆಗೆಯೋಕಾಗ್ತಿಲ್ಲ" ಎನ್ನುತ್ತಾರೆ ಅಲ್ಲಿಯ ಮಹಿಳೆ.

"ಚೇಂಬರ್ ನಮ್ಮ ವ್ಯಾಪ್ತಿಗೆ ಬರಲ್ಲಮ್ಮ, ನೀರಿನವರನ್ನ ಕೇಳಿ" ಎನ್ನುತ್ತಾರೆ ರಸ್ತೆಯವರು.

"ನಮ್ಮ ಲೈನ್ ಸರಿಯಾಗಿದೆ. ಚರಂಡಿಲಿ ಹೋಗಬೇಕಾದ ಮಳೆನೀರು ಚೇಂಬರಿಗೆ ನುಗ್ತಿದೆ. ಚರಂಡಿ ಕ್ಲೀನ್ ಮಾಡಿಸಿದ್ರೆ ತಾನಾಗೇ ನಿಲ್ಲತ್ತೆ" ಎನ್ನುತ್ತಾರೆ ನೀರಿನವರು.

"ಹೂಳು ತೆಗೆಸಿದ್ವಿ. ಮತ್ತೆ ಕಟ್ಟಿಕೊಂಡಿದ್ದು ಹೂಳಲ್ಲ, ಮರದ ಕೊಂಬೆಗಳು. ಕರೆಂಟಿನವರು ಕಡಿದು ಹಾಕಿದ್ದು."

"ವೈರಿಗೆ ತಾಗೋ ಕೊಂಬೆ ಕಡಿಯೋದು ನಮ್ಮ ಡ್ಯೂಟಿ. ಎತ್ತೋದು ಕಸದವರದ್ದು."

"ನಮ್ಮದು ಹಸಿಕಸ, ಒಣಕಸ. ಕೊಂಬೆ ಎರಡರಲ್ಲೂ ಬರಲ್ಲ. ಮರದವರನ್ನ ಕೇಳಿ."

ಮರದವರು ಬಂದಿಲ್ಲ. ಚರಂಡಿ ಕೊನೆಗೆ ಸೇರುವುದು ರಾಜಕಾಲುವೆಗೆ. ಅದರ ವಿಭಾಗವೇ ಬೇರೆ, ಅವರೂ ಬಂದಿಲ್ಲ. ಕೊಂಬೆ ಎತ್ತಲು ಗೊತ್ತುಮಾಡಿದ್ದ ಕಂಟ್ರಾಕ್ಟರ್ ಬಿಲ್ ಆಗಿಲ್ಲವೆಂದು ಟ್ರ್ಯಾಕ್ಟರ್ ನಿಲ್ಲಿಸಿದ್ದಾನೆ. ಬಿಲ್ ಮಾಡಬೇಕಾದ ಲೆಕ್ಕ ಶಾಖೆಯವರನ್ನು ಯಾರೂ ಕರೆದೇ ಇಲ್ಲ. ಹೀಗೆ ಚೇಂಬರಿನ ದೂರು ಚರಂಡಿಗೆ, ಚರಂಡಿಯದು ಕೊಂಬೆಗೆ, ಕೊಂಬೆಯದು ಮರಕ್ಕೆ ಹೋಗಿ, ಮರ ಚೇಂಬರಿನ ಮೇಲೇ ನಿಂತಿರುವುದರಿಂದ, ಹೊರಟಲ್ಲಿಗೇ ವಾಪಸು ಬರುತ್ತದೆ. ತರ್ಕಶಾಸ್ತ್ರ ಇದನ್ನು ಚಕ್ರಕ ದೋಷವೆನ್ನುತ್ತದೆ. ನಡಾವಳಿ ಇದನ್ನು ಇಲಾಖೆಗಳ ಸಮನ್ವಯವೆನ್ನುತ್ತದೆ.

ಇದರಲ್ಲಿ ಯಾರೊಬ್ಬರೂ ಸುಳ್ಳು ಹೇಳಲಿಲ್ಲವೆಂಬುದೇ ಈ ದೃಷ್ಟಾಂತದ ಸೊಬಗು. ಕಂಬ ವಿದ್ಯುತ್ ಕಂಪನಿಯದು, ಅದರ ತಲೆಯ ಮೇಲಿನ ಬೀದಿದೀಪ ಪಾಲಿಕೆಯದು. ದೊಡ್ಡ ರಸ್ತೆಗೊಂದು ವಿಭಾಗ, ಅಡ್ಡರಸ್ತೆಗೊಂದು. ನೀರು ಮತ್ತು ಒಳಚರಂಡಿಗೆ 1964ರಿಂದ ಜಲಮಂಡಳಿ. ಕಸಕ್ಕೆ ಈಚೆಗೆ ಪ್ರತ್ಯೇಕ ಕಂಪನಿ. ಎಲ್ಲರೂ ಪ್ರಾಮಾಣಿಕವಾಗಿ ತಮ್ಮ ಗಡಿ ಕಾಯುತ್ತಿದ್ದಾರೆ. ಚೇಂಬರ್ ಮಾತ್ರ ಗಡಿಯ ಮೇಲೆ ಉಕ್ಕುತ್ತಿದೆ.

5. ಪ್ರಮಾಣ ವಿಚಾರ

ಸಭೆಯಲ್ಲಿ ಸತ್ಯ ತಿಳಿಯುವ ಬಗೆಗಳು ಆರು. ಭಾಟ್ಟ ಮೀಮಾಂಸಕರು ಒಪ್ಪುವಷ್ಟೇ.

ಪ್ರತ್ಯಕ್ಷ: ಮೊಬೈಲಿನ ಫೋಟೊ. "ಇದು ಹಳೇ ಫೋಟೊ ಸಾರ್" ಎಂಬ ಒಂದೇ ಮಾತಿಗೆ ಬೀಳುತ್ತದೆ.

ಅನುಮಾನ: ಹೊಗೆಯಿದ್ದಲ್ಲಿ ಬೆಂಕಿಯೆಂದು ನೈಯಾಯಿಕರು ಹೇಳಿದಂತೆ, ಹೊಸ ಡಾಂಬರಿದ್ದಲ್ಲಿ ಅಗೆತ. ಈ ವ್ಯಾಪ್ತಿಗೆ ಬೆಂಗಳೂರಿನಲ್ಲಿ ಅಪವಾದ ಕಂಡವರು ವಿರಳ.

ಉಪಮಾನ: "ಪಕ್ಕದ ವಾರ್ಡ್ ನೋಡಿ ಸ್ವಾಮಿ, ಹೇಗಿಟ್ಟಿದ್ದಾರೆ." ಪಕ್ಕದ ವಾರ್ಡಿನ ಸಭೆಯಲ್ಲೂ ಇದೇ ವಾಕ್ಯ, ಬೆರಳು ಈ ಕಡೆಗೆ.

ಶಬ್ದ: ಸುತ್ತೋಲೆ. ಇದು ಅಪೌರುಷೇಯ, ಬರೆದವರು ಯಾರೆಂದು ಕೇಳಬಾರದು.

ಅರ್ಥಾಪತ್ತಿ: ಇದಕ್ಕೆ ವಿಸ್ತಾರ ಬೇಕು. ಹಗಲು ಊಟ ಮಾಡದ ದೇವದತ್ತ ದಪ್ಪಗಾಗುತ್ತಲೇ ಇದ್ದರೆ ರಾತ್ರಿ ಉಣ್ಣುತ್ತಾನೆಂದು ತಿಳಿಯಬೇಕು ಎಂಬುದು ಮೀಮಾಂಸಕರ ಹಳೆಯ ಉದಾಹರಣೆ. ಮೂಲೆಯ ಕಸದ ಗುಡ್ಡೆಗೆ ಇದನ್ನು ಅನ್ವಯಿಸೋಣ. ಸಭೆಗೆ ಬಂದ ಯಾರೂ ಅಲ್ಲಿ ಕಸ ಹಾಕುವುದಿಲ್ಲ. ಎಲ್ಲರೂ ವಿಂಗಡಿಸಿ ಆಟೋಗೇ ಕೊಡುತ್ತಾರೆ. ಗುಡ್ಡೆ ಮಾತ್ರ ದಿನೇ ದಿನೇ ದಪ್ಪಗಾಗುತ್ತಿದೆ. ಆದ್ದರಿಂದ ರಾತ್ರಿ ಯಾರೋ ಹಾಕುತ್ತಾರೆ. "ಅವರು ನಮ್ಮ ರೋಡಿನವರಲ್ಲ ಸಾರ್, ಬೈಕಲ್ಲಿ ಬಂದು ಎಸೆದು ಹೋಗ್ತಾರೆ." ಇಲ್ಲಿ ಪಂಡಿತರು ಗಮನಿಸಬೇಕು: ಸೂತ್ರ ಅಧಿಕಾರಿಗಳಿಗಷ್ಟೇ ಮೀಸಲಲ್ಲ. ಕಸ ಹಾಕುವವರೂ ಬಾರದವರೇ. ಫುಟ್‌ಪಾತ್ ಮೇಲೆ ಕಾರು ನಿಲ್ಲಿಸುವವರು, ಚಾವಣಿಯ ಮಳೆನೀರಿನ ಪೈಪನ್ನು ಒಳಚರಂಡಿಗೆ ಜೋಡಿಸಿದವರು, ಮೋರಿಯ ಮೇಲೆ ಮೆಟ್ಟಿಲು ಕಟ್ಟಿದವರು, ಇವರಲ್ಲಿ ಒಬ್ಬರೂ ಯಾವ ಸಭೆಗೂ ಬಂದ ದಾಖಲೆಯಿಲ್ಲ.

ಅನುಪಲಬ್ಧಿ: ಕಾಣದಿರುವುದರಿಂದಲೇ ಇಲ್ಲವೆಂದು ತಿಳಿಯುವುದು. ನೆಲದ ಮೇಲೆ ಮಡಕೆ ಕಾಣದಿದ್ದರೆ ಮಡಕೆಯಿಲ್ಲ. ವಾರ್ಡ್ ಸಭೆಯ ಅತ್ಯುನ್ನತ ಪ್ರಮಾಣ ಇದೇ. ಇದರ ಪರಮ ನಿದರ್ಶನಕ್ಕೆ ಪ್ರತ್ಯೇಕ ಅಧ್ಯಾಯ ಬೇಕು.

6. ಅಧ್ಯಕ್ಷ ಪೀಠ

ಸಂವಿಧಾನದ 74ನೇ ತಿದ್ದುಪಡಿ 1993ರ ಜೂನ್ 1ರಂದು ಜಾರಿಗೆ ಬಂತು. ಮೂರು ಲಕ್ಷ ಮತ್ತು ಅದಕ್ಕೂ ಹೆಚ್ಚು ಜನರಿರುವ ನಗರಗಳಲ್ಲಿ ವಾರ್ಡ್ ಸಮಿತಿಗಳಿರಬೇಕೆಂದಿತು. ಕರ್ನಾಟಕದ 2016ರ ನಿಯಮಗಳ ಪ್ರಕಾರ ಸಮಿತಿಗೆ ಹತ್ತು ಸದಸ್ಯರು; ಅವರಲ್ಲಿ ಮೂವರು ಮಹಿಳೆಯರು, ಪರಿಶಿಷ್ಟ ಜಾತಿ-ಪಂಗಡಗಳಿಂದ ಇಬ್ಬರು, ನಿವಾಸಿಗಳ ಸಂಘಗಳಿಂದ ಇಬ್ಬರು. ಅಧ್ಯಕ್ಷರು ಆ ವಾರ್ಡಿನ ಕಾರ್ಪೊರೇಟರ್. ಬೆಂಗಳೂರಿನಲ್ಲಿ ತಿಂಗಳ ಮೊದಲ ಶನಿವಾರ ಸಭೆಯೆಂದು ಗೊತ್ತಾಯಿತು. ಸಂವಿಧಾನ ಬಾಗಿಲು ತಟ್ಟಿದ್ದಕ್ಕೂ ಬೆಂಗಳೂರು ಕುರ್ಚಿ ಹಾಕಿದ್ದಕ್ಕೂ ನಡುವೆ ಇಪ್ಪತ್ತು ವರ್ಷಕ್ಕೂ ಮಿಕ್ಕ ಅಂತರ. ಶಾಸ್ತ್ರಗಳ ಕಾಲಮಾನದಲ್ಲಿ ಇದು ನಿಮಿಷಾರ್ಧ.

ಕುರ್ಚಿ ಹಾಕಿ ಮುಗಿಯುವಷ್ಟರಲ್ಲಿ, 2020ರ ಸೆಪ್ಟೆಂಬರ್ 10ಕ್ಕೆ, ಪಾಲಿಕೆಯ ಚುನಾಯಿತ ಸದಸ್ಯರ ಅವಧಿ ಮುಗಿಯಿತು. ಮುಂದಿನ ಐದು ವರ್ಷ ಚುನಾವಣೆ ನಡೆಯಲಿಲ್ಲ. ಈ ಅವಧಿಯಲ್ಲಿ ಕೆಲಸವೇ ಆಗಲಿಲ್ಲವೆನ್ನುವವರು ಅಜ್ಞಾನಿಗಳು. ವಾರ್ಡುಗಳನ್ನು ಎಣಿಸಲಾಯಿತು: 198 ಇದ್ದದ್ದು 243 ಆಯಿತು, 243 ಇದ್ದದ್ದು 225 ಆಯಿತು. 2025ರಲ್ಲಿ ಬಿಬಿಎಂಪಿ ಎಂಬ ಆ ಪಾಲಿಕೆಯೇ ಹೋಗಿ ಗ್ರೇಟರ್ ಬೆಂಗಳೂರು ಪ್ರಾಧಿಕಾರವೂ ಅದರ ಕೆಳಗೆ ಐದು ಪಾಲಿಕೆಗಳೂ ಬಂದು 369 ಆಯಿತು. ರಸ್ತೆಗುಂಡಿ ಅದೇ ಜಾಗದಲ್ಲಿದ್ದುಕೊಂಡೇ ಇಷ್ಟು ವಾರ್ಡುಗಳ ನಕ್ಷೆಯಲ್ಲಿ ಹಾದುಹೋಯಿತು.

ಅಧ್ಯಕ್ಷರ ಕುರ್ಚಿಯಲ್ಲಿ ನೋಡಲ್ ಅಧಿಕಾರಿ ಕುಳಿತರು. ನಮ್ಮ ಸೂತ್ರ ಇಲ್ಲಿ ಶಿಖರ ಮುಟ್ಟಿತು. ಮೊದಲು ಉತ್ತರ ಹೇಳಬೇಕಾದವರು ಸಭೆಗೆ ಬರುತ್ತಿರಲಿಲ್ಲ. ಈಗ ಬರಬೇಕಾದವರೇ ಇಲ್ಲ. ಮತ ಕೇಳಲು ಮತ್ತೆ ಬಾಗಿಲಿಗೆ ಬರುವ ಭಯವಿದ್ದ ಒಬ್ಬನೇ ವ್ಯಕ್ತಿಯನ್ನು ಸಭೆಯಿಂದ ತೆಗೆದ ಮೇಲೆ ಉಳಿದದ್ದು ಶುದ್ಧ ಸಭೆ.

7. ಪೂರ್ವಪಕ್ಷ ಮತ್ತು ಪರಿಹಾರ

ಇಲ್ಲಿ ಒಬ್ಬ ಆಕ್ಷೇಪಕ ಏಳುತ್ತಾನೆ: "ಹಾಗಾದರೆ ಊರು ನಡೆಯುತ್ತಿರುವುದು ಹೇಗೆ? ಬೆಳಿಗ್ಗೆ ರಸ್ತೆ ಗುಡಿಸಿರುತ್ತದೆ, ಎರಡು ದಿನಕ್ಕೊಮ್ಮೆಯಾದರೂ ನಲ್ಲಿ ಬರುತ್ತದೆ, ಮಳೆಗೆ ಹೋದ ಕರೆಂಟು ಮತ್ತೆ ಬರುತ್ತದೆ. ಕರ್ತೃವೇ ಇಲ್ಲದೆ ಕ್ರಿಯೆಯುಂಟೆ?"

ಒಳ್ಳೆಯ ಪ್ರಶ್ನೆ. ತೊರೆಕಾಡನಹಳ್ಳಿಯಿಂದ ಕಾವೇರಿ ಸುಮಾರು 100 ಕಿಲೋಮೀಟರ್ ದೂರ ಸಾಗಿ, ಸುಮಾರು 500 ಮೀಟರ್ ಎತ್ತರ ಹತ್ತಿ ಬೆಂಗಳೂರಿಗೆ ಬರುತ್ತಾಳೆ. ಅಷ್ಟು ದೊಡ್ಡ ಪಂಪುಗಳು ದಾಟಿಸಿದ ನೀರು ಕೊನೆಗೆ ಎರಡನೇ ಕ್ರಾಸಿಗೆ ಎಷ್ಟು ಹೊತ್ತು, ಮೂರನೇ ಕ್ರಾಸಿಗೆ ಎಷ್ಟು ಹೊತ್ತು ಎಂಬುದು ಸೈಕಲ್ಲಿಗೆ ಕಬ್ಬಿಣದ ಉದ್ದ ಕೀಲಿ ಕಟ್ಟಿಕೊಂಡು ನಸುಕಿಗೇ ಬರುವ ವಾಲ್ವ್‌ಮನ್‌ನ ಕೈಯಲ್ಲಿದೆ. ಯಾವ ಪೈಪ್ ಎಲ್ಲಿ ಸೋರುತ್ತದೆ ಎಂಬ ನಕ್ಷೆ ಅವನ ತಲೆಯಲ್ಲಿದೆ. ಯಾರ ಮನೆಯವರು ರಾತ್ರಿ ಮೂಲೆಯಲ್ಲಿ ಕಸ ಇಡುತ್ತಾರೆಂಬುದು ಪೌರಕಾರ್ಮಿಕ ಮಹಿಳೆಗೆ ಚೀಲದ ಬಣ್ಣ ಕಂಡರೇ ಗೊತ್ತು. ಯಾವ ಕೊಂಬೆ ಮುಂದಿನ ಮಳೆಗೆ ವೈರಿನ ಮೇಲೆ ಬೀಳುತ್ತದೆಂಬುದು ಲೈನ್‌ಮನ್‌ಗೆ ತಿಳಿದಿದೆ.

ಇವರಲ್ಲಿ ಯಾರನ್ನೂ ಸಭೆಗೆ ಕರೆಯುವ ಪದ್ಧತಿಯಿಲ್ಲ. ಆದ್ದರಿಂದ ಆಕ್ಷೇಪಕ ಸೂತ್ರವನ್ನು ಮುರಿಯಲಿಲ್ಲ, ಗಟ್ಟಿಮಾಡಿದ. ಬಾರದವರೇ ಕರ್ತೃಗಳೆಂದು ಸಭೆ ಹೇಳುವುದು ನುಣುಚಿಕೊಳ್ಳಲು. ಆದರೆ ಹೇಳುವುದು ನಿಜವನ್ನೇ.

8. ಉಪಸಂಹಾರ ಮತ್ತು ಶಿಫಾರಸು

ಇಷ್ಟು ಸಿದ್ಧವಾದ ಮೇಲೆ ಶಿಫಾರಸು ಒಂದೇ. ಮುಂದಿನ ಸಭೆಯಲ್ಲಿ ಮುಂದಿನ ಸಾಲಿನ ಕುರ್ಚಿಗಳನ್ನು ವಾಲ್ವ್‌ಮನ್, ಪೌರಕಾರ್ಮಿಕರು ಮತ್ತು ಲೈನ್‌ಮನ್‌ಗೆ ಬಿಡಬೇಕು. ಅವರ ಆ ದಿನದ ಕೂಲಿ ಕತ್ತರಿಸಬಾರದು. ಅವರು ಹೇಳಿದ್ದನ್ನು ಹೇಳಿದಂತೆಯೇ ನಡಾವಳಿಯಲ್ಲಿ ಬರೆಯಬೇಕು. ಅಧ್ಯಕ್ಷರ ಕುರ್ಚಿಗೆ ಜನ ಮತ ಹಾಕಿ ಕೂರಿಸಿದವರು ಬರಬೇಕು.

ಇದಕ್ಕೆ ತಾರ್ಕಿಕರ ಕಡೆಯಿಂದ ಕೊನೆಯ ಆಕ್ಷೇಪವಿದೆ: ಸೂತ್ರದಂತೆ ಬಾರದವನು ಮಾತ್ರ ಕರ್ತೃವಾದ್ದರಿಂದ, ಇವರೂ ಬಂದು ಕುಳಿತರೆ ಅವರ ಕರ್ತೃತ್ವವೂ ಹೋದೀತು, ಮಾರನೆಯ ದಿನ ನಲ್ಲಿ ನಿಂತೀತು, ಅವರೂ "ನಮ್ಮ ವ್ಯಾಪ್ತಿಗೆ ಬರಲ್ಲ" ಎಂದಾರು. ಆಕ್ಷೇಪ ಬಲವಾದದ್ದು. ಗ್ರಂಥಗಳಲ್ಲಿ ಇದಕ್ಕೆ ಸಮಾಧಾನವಿಲ್ಲ. ಒಂದು ಸಲ ಕರೆದು ನೋಡುವುದೊಂದೇ ದಾರಿ. ಸೂತ್ರ ಸುಳ್ಳಾದರೆ ನಷ್ಟ ಶಾಸ್ತ್ರಕಾರನೊಬ್ಬನಿಗೆ, ಲಾಭ ಇಡೀ ನಾಲ್ಕನೇ ಕ್ರಾಸಿಗೆ.