ಗಿರಿಯಲ್ಲಿ ಗಿರಗಿರ

ಇಸ್ತ್ರಿ ಅಂಗಡಿ ಶೀನಪ್ಪ ಇದ್ದಿಲು ಊದುತ್ತಿದ್ದ. ರಾಯರು ಬಟ್ಟೆ ಗಂಟು ಇಳಿಸಿದರು.

"ಏನ್ ರಾಯರೇ, ದಸರಾ ರಜೆಗೆ ಮಕ್ಕಳ ಜೊತೆ ಮುಳ್ಳಯ್ಯನಗಿರಿಗೆ ಹೋಗಿದ್ರಂತೆ?"

"ಹೌದಪ್ಪ, ರಾಜ್ಯದಲ್ಲೇ ಎತ್ತರದ ಶಿಖರ. 1930 ಮೀಟರ್!"

"ಅಷ್ಟೂ ಹತ್ತಿದ್ರಾ?"

"ಕಾರು ಹತ್ತಿದ್ವಿ. ಮುಂದೂ ಕಾರು, ಹಿಂದೂ ಕಾರು. ಊಟದ ಹೊತ್ತಿನವರೆಗೂ ಒಂದೇ ತಿರುವು."

"ಪ್ರಕೃತೀನ ನಿಂತು ನೋಡೋ ಭಾಗ್ಯ ಎಲ್ರಿಗೂ ಸಿಗಲ್ಲ ಬಿಡಿ. ಮಕ್ಕಳು?"

"ಚಿಕ್ಕೋನು ಮುಂದಿನ ಕಾರಿನ ನಂಬರ್ ಬಾಯಿಪಾಠ ಮಾಡ್ಬಿಟ್ಟ. ಪುಟ್ಟಿಗೆ ತಲೆ ತಿರುಗಿ ಬೆಳಗಿನ ಇಡ್ಲಿ ವಾಪಸ್ ಬಂತು."

"ಇಡ್ಲಿಗಾದ್ರೂ ವಾಪಸ್ ಬರೋಕೆ ದಾರಿ ಸಿಕ್ತಲ್ಲ!"

(ಶೀನಪ್ಪನ ಮುಖದಲ್ಲಿ ಕುಹಕ ಹುಡುಕಿದವರಿಗೆ ಮೀಸೆಯಷ್ಟೇ ಸಿಕ್ಕೀತು.)

"ಮೇಲೆ ನೆಟ್‌ವರ್ಕೇ ಇಲ್ಲ. ಒಂದು ರೀಲ್ಸೂ ಹಾಕೋಕಾಗ್ಲಿಲ್ಲ."

"ಅಯ್ಯೋ, ಹಾಗಾದ್ರೆ ನೀವು ಹೋಗಿದ್ದು ಲೆಕ್ಕಕ್ಕೇ ಇಲ್ವಾ! ಬಾಬಾ ಬುಡನ್ ಏಳು ಬೀಜ ತಂದ ಸೀಮೆ, ಕಾಫಿನಾದ್ರೂ ಕುಡಿದ್ರೋ?"

"ಹೋಮ್‌ಸ್ಟೇಲಿ ಕೊಟ್ರು. ಸ್ಯಾಶೆ ಕತ್ತರಿಸಿ, ಬಿಸಿನೀರಿಗೆ ಸುರಿದು."

"ಕುರಿಂಜಿ ಹೂವು?"

"ಅದು 12 ವರ್ಷಕ್ಕೊಮ್ಮೆ ಕಣಯ್ಯ, 2022ರಲ್ಲಿ ಅರಳಿತ್ತು. ಆದ್ರೂ ಇಳಿಜಾರೆಲ್ಲ ನೀಲಿ, ಹಳದಿ, ಕೆಂಪು..."

"ಬೇರೆ ಹೂವಾ?"

"ಚಿಪ್ಸ್ ಪೊಟ್ಟಣ."

"ಅದು ರಜೆ ರಜೆಗೂ ಅರಳುತ್ತೆ. ನೀವೂ ನಾಲ್ಕು ನೆಟ್ಟು ಬಂದಿರ್ತೀರಿ."

"ಮಕ್ಕಳು ಕಣಯ್ಯ... ಕಿಟಕಿ ತೆರೆದಿತ್ತು." ರಾಯರು ಸ್ವೆಟರ್ ಕೊಡವಿದರು. "ಅಲ್ಲಾ, ಅಷ್ಟೊಂದು ಜನ ಅಲ್ಲಿಗೆ ಯಾಕಾದ್ರೂ ಬರ್ತಾರೋ!"

"ಅದೇ ಮತ್ತೆ. ನಿಮ್ಮೊಬ್ಬರನ್ನ ಬಿಟ್ಟು ಇನ್ಯಾರೂ ಬರಬಾರದಿತ್ತು ನೋಡಿ."