ಹತ್ತು ಎಣಿಸುವುದರೊಳಗೆ

ಕ್ರಿಕೆಟ್ಟಿನಲ್ಲಿ ಬೌನ್ಸರ್ ಬಂದು ಹೆಲ್ಮೆಟ್ಟಿಗೆ ಬಡಿದರೆ ಆಟ ನಿಲ್ಲುತ್ತದೆ. ಫಿಸಿಯೋ ಓಡಿ ಬರುತ್ತಾರೆ, ಬೆರಳು ತೋರಿಸಿ ಎಷ್ಟು ಎಂದು ಕೇಳುತ್ತಾರೆ, ಚೆಂಡು ಎಸೆದವನೂ ಮುಖ ಸಣ್ಣ ಮಾಡಿಕೊಂಡು ಹತ್ತಿರ ಬಂದು ನಿಲ್ಲುತ್ತಾನೆ. ತಲೆಗೆ ಪೆಟ್ಟು ಬಿದ್ದವನ ಬದಲಿಗೆ ಇನ್ನೊಬ್ಬನನ್ನು ಆಡಿಸಬಹುದೆಂದು 2019ರಲ್ಲಿ ಐಸಿಸಿ ನಿಯಮವನ್ನೇ ತಂದಿತು. ಬಾಕ್ಸಿಂಗಿನಲ್ಲಿ ಇಂಥ ರಗಳೆಯೇ ಇಲ್ಲ. ತಲೆಗೆ ಪೆಟ್ಟು ಬಿದ್ದು ಮನುಷ್ಯ ಪ್ರಜ್ಞೆ ತಪ್ಪಿದರೆ ಪೆಟ್ಟು ಕೊಟ್ಟವನ ಸೊಂಟಕ್ಕೆ ಬೆಲ್ಟು ಕಟ್ಟುತ್ತಾರೆ. ಬಿದ್ದವನ ತಪಾಸಣೆಗೂ ಬಹಳ ಸರಳವಾದ ವಿಧಾನವಿದೆ. ರೆಫರಿ ಒಂದರಿಂದ ಹತ್ತರವರೆಗೆ ಎಣಿಸುತ್ತಾನೆ. ಅಷ್ಟರೊಳಗೆ ಎದ್ದು ನಿಂತರೆ ಮಿದುಳು ನೆಟ್ಟಗಿದೆ, ಇನ್ನಷ್ಟು ಗುದ್ದಿಸಿಕೊಳ್ಳಬಹುದು, ಏಳದಿದ್ದರೆ ಸೋತ. ಎಂಆರ್‌ಐ ಯಂತ್ರಕ್ಕೆ ಕೋಟಿಗಟ್ಟಲೆ ಸುರಿಯುವ ನಮ್ಮ ಆಸ್ಪತ್ರೆಗಳು ಈ ಅಗ್ಗದ ವಿಧಾನವನ್ನು ಯಾಕೆ ಇನ್ನೂ ಅಳವಡಿಸಿಕೊಂಡಿಲ್ಲವೋ!

ಈ ಎಣಿಕೆ, ಮೂರು ನಿಮಿಷದ ಸುತ್ತು, ಕೈಗೆ ಗ್ಲೌಸು ಎಲ್ಲವೂ 1867ರ ಕ್ವೀನ್ಸ್‌ಬರಿ ನಿಯಮಗಳ ಕೊಡುಗೆ. ಬರೆದವನು ಜಾನ್ ಗ್ರಹಾಂ ಚೇಂಬರ್ಸ್, ಹೆಸರು ಬಂದದ್ದು ಮಾರ್ಕ್ವಿಸ್ ಆಫ್ ಕ್ವೀನ್ಸ್‌ಬರಿಗೆ. ಕೆಲಸ ಒಬ್ಬನದು, ಕಲ್ಲಿನ ಮೇಲೆ ಹೆಸರು ಇನ್ನೊಬ್ಬನದು ಎನ್ನುವುದು ನಮ್ಮ ಲೋಕೋಪಯೋಗಿ ಇಲಾಖೆಯ ಆವಿಷ್ಕಾರವೇನಲ್ಲ. (ಇದೇ ಮಾರ್ಕ್ವಿಸ್ ಮಹನೀಯ ಮುಂದೆ ಆಸ್ಕರ್ ವೈಲ್ಡ್ ಜೈಲು ಸೇರುವ ತನಕ ಬೆನ್ನು ಬಿಡಲಿಲ್ಲ. ಸಭ್ಯತೆಯ ವಿಷಯದಲ್ಲಿ ಅಷ್ಟು ಕಟ್ಟುನಿಟ್ಟು.) ಬರಿಗೈಯಲ್ಲಿ ಗುದ್ದಾಡುವ ಕಾಲದಲ್ಲಿ ಬುರುಡೆಗೆ ಗುದ್ದಿದವನ ಕೈಮೂಳೆಯೇ ಮೊದಲು ಮುರಿಯುತ್ತಿತ್ತು, ಹಾಗಾಗಿ ತಲೆಯ ತಂಟೆಗೆ ಹೋಗುವ ಮುಂಚೆ ಎರಡು ಸಲ ಯೋಚಿಸುತ್ತಿದ್ದರು. ಗ್ಲೌಸು ಬಂದು ಆ ಯೋಚನೆಯನ್ನು ತಪ್ಪಿಸಿತು. ಈಗ ಸಂಜೆಯಿಡೀ ತಲೆಗೇ ಬಾರಿಸಬಹುದು, ಕೈಗೆ ಏನೂ ಆಗುವುದಿಲ್ಲ. ಮೆತ್ತೆ ಇರುವುದು ಗುದ್ದುವವನ ಗೆಣ್ಣುಗಳಿಗೆ. ಗುದ್ದಿಸಿಕೊಂಡವನ ಮಿದುಳು ಬುರುಡೆಯೊಳಗೆ ಅತ್ತಿತ್ತ ಅಪ್ಪಳಿಸುವುದನ್ನು ಯಾವ ಮೆತ್ತೆಯೂ ತಡೆಯುವುದಿಲ್ಲ. ಆದರೂ ಆಟವನ್ನು ನಾಗರಿಕಗೊಳಿಸಿದ ನಿಯಮ ಎಂದು ಇವತ್ತಿಗೂ ಇದಕ್ಕೆ ಹೊಗಳಿಕೆ.

ಒಲಿಂಪಿಕ್ಸ್ ಮಾದರಿಯ ಬಾಕ್ಸಿಂಗಿನಲ್ಲಿ ತಲೆಗೂ ಒಂದು ಕವಚ ಇತ್ತು. ಕವಚ ಇಲ್ಲದಿದ್ದರೇ ತಲೆಪೆಟ್ಟು ಕಡಿಮೆ ಎಂದು ಲೆಕ್ಕ ಹಾಕಿ 2013ರಲ್ಲಿ ಅದನ್ನು ಗಂಡಸರ ತಲೆಯಿಂದ ತೆಗೆಸಿದರು. 2016ರ ರಿಯೊ ಒಲಿಂಪಿಕ್ಸ್‌ನಲ್ಲಿ ಗಂಡಸರು ಬರಿತಲೆಯಲ್ಲೇ ಆಡಿದರು, ಹೆಂಗಸರಿಗೆ ಮಾತ್ರ ಕವಚ ಉಳಿಯಿತು. ಗಂಡಸರ ತಲೆಯೊಳಗೆ ಕಾಪಾಡುವಂಥದ್ದೇನೂ ಇಲ್ಲವೆಂದು ಅಂತರರಾಷ್ಟ್ರೀಯ ಮಟ್ಟದಲ್ಲಿ ತೀರ್ಮಾನವಾಗಿದೆ ಎಂದು ಮನೆಯಲ್ಲಿ ಓದಿ ಹೇಳಿದೆ. ಯಾರೂ ಅಚ್ಚರಿಪಡಲಿಲ್ಲ.

ಸುಧಾರಣೆಯ ಗಣಿತವನ್ನು ಸ್ವಲ್ಪ ನಿಧಾನವಾಗಿ ನೋಡಬೇಕು. 1982ರ ನವೆಂಬರ್ 13ರಂದು ಲಾಸ್ ವೇಗಸ್‌ನಲ್ಲಿ ದಕ್ಷಿಣ ಕೊರಿಯಾದ ಡುಕ್ ಕೂ ಕಿಮ್ ಹದಿನಾಲ್ಕನೆಯ ಸುತ್ತಿನಲ್ಲಿ ರೇ ಮ್ಯಾನ್ಸಿನಿಯ ಗುದ್ದಿಗೆ ಬಿದ್ದ, ಕೆಲವೇ ದಿನಗಳಲ್ಲಿ ಸತ್ತ. ಕೆಲವು ತಿಂಗಳ ಮೇಲೆ ಅವನ ತಾಯಿ ಆತ್ಮಹತ್ಯೆ ಮಾಡಿಕೊಂಡಳು. ಅಂದಿನ ರೆಫರಿ ರಿಚರ್ಡ್ ಗ್ರೀನ್ ಕೂಡ ಮರುವರ್ಷ ಅದೇ ದಾರಿ ಹಿಡಿದ. ಬಾಕ್ಸಿಂಗ್ ಲೋಕ ತಲ್ಲಣಿಸಿತು, ಆಳವಾಗಿ ಚಿಂತಿಸಿತು. ಹುಡುಗ ಬಿದ್ದದ್ದು ಹದಿನಾಲ್ಕನೆಯ ಸುತ್ತಿನಲ್ಲಿ, ಆದ್ದರಿಂದ ಹದಿನೈದು ಸುತ್ತಿನ ಪಂದ್ಯವನ್ನು ಹನ್ನೆರಡಕ್ಕೆ ಇಳಿಸೋಣ ಎಂದಿತು. ವರ್ಲ್ಡ್ ಬಾಕ್ಸಿಂಗ್ ಕೌನ್ಸಿಲ್ ಮೊದಲು ಇಳಿಸಿತು, ಉಳಿದ ಸಂಸ್ಥೆಗಳು ಆಮೇಲೆ ನಿಧಾನವಾಗಿ ಹಿಂಬಾಲಿಸಿದವು.

ಹನ್ನೆರಡು ಎಂಬ ಈ ಸುರಕ್ಷಿತ ಸಂಖ್ಯೆಯ ಹಿನ್ನೆಲೆ ಇಷ್ಟು. 1962ರಲ್ಲಿ ನ್ಯೂಯಾರ್ಕಿನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್‌ನಲ್ಲಿ ಎಮಿಲ್ ಗ್ರಿಫಿತ್, ಬೆನ್ನಿ ಪ್ಯಾರೆಟ್‌ನನ್ನು ಮೂಲೆಗೊತ್ತಿ ಟಿವಿ ಕ್ಯಾಮೆರಾಗಳ ಮುಂದೆ ಎಡೆಬಿಡದೆ ಗುದ್ದಿದ್ದು ಹನ್ನೆರಡನೆಯ ಸುತ್ತಿನಲ್ಲಿ. ಹತ್ತು ದಿನ ಪ್ರಜ್ಞೆಯಿಲ್ಲದೆ ಮಲಗಿ ಪ್ಯಾರೆಟ್ ತೀರಿಕೊಂಡ. 1980ರಲ್ಲಿ ವೇಲ್ಸ್‌ನ ಜಾನಿ ಓವನ್ ಲಾಸ್ ಏಂಜಲೀಸ್‌ನಲ್ಲಿ ಬಿದ್ದು ಮತ್ತೆ ಏಳದೇ ಹೋದದ್ದೂ ಹನ್ನೆರಡರಲ್ಲೇ. 1963ರ ಡೇವಿ ಮೂರ್ ಅಷ್ಟು ದೂರವೂ ಹೋಗಲಿಲ್ಲ, ಹತ್ತಕ್ಕೇ ಮುಗಿಸಿದ. ಸುತ್ತು ಇಳಿಸಿದ ಮೇಲೆ, 1991ರಲ್ಲಿ, ಲಂಡನ್ನಿನಲ್ಲಿ ಕ್ರಿಸ್ ಯೂಬ್ಯಾಂಕ್ ಎದುರು ಮೈಕೇಲ್ ವಾಟ್ಸನ್‌ನ ಪಂದ್ಯ ನಿಂತದ್ದು ಎಷ್ಟರಲ್ಲಿ ಗೊತ್ತೇ? ಹನ್ನೆರಡರಲ್ಲಿ.

ವಾಟ್ಸನ್ ಸಾಯಲಿಲ್ಲ. ನಲವತ್ತು ದಿನ ಕೋಮಾದಲ್ಲಿದ್ದು ಎದ್ದವನು ಬ್ರಿಟಿಷ್ ಬಾಕ್ಸಿಂಗ್ ಮಂಡಳಿಯ ಮೇಲೆ ಕೇಸು ಹಾಕಿದ. ರಿಂಗಿನ ಪಕ್ಕದಲ್ಲೇ ಸರಿಯಾದ ವೈದ್ಯಕೀಯ ವ್ಯವಸ್ಥೆ ಇದ್ದಿದ್ದರೆ ಇಷ್ಟು ಹಾನಿಯಾಗುತ್ತಿರಲಿಲ್ಲ ಎಂದು ವಾದಿಸಿ ಗೆದ್ದ. ಪರಿಹಾರ ಕೊಡಲು ಮಂಡಳಿ ತನ್ನ ಕಚೇರಿ ಕಟ್ಟಡವನ್ನೇ ಮಾರಬೇಕಾಯಿತು. 2003ರ ಲಂಡನ್ ಮ್ಯಾರಥಾನನ್ನು ಅವನು ಆರು ದಿನ ನಡೆದು ಮುಗಿಸಿದ, ಜೊತೆಗೆ ಯೂಬ್ಯಾಂಕ್ ಹೆಜ್ಜೆ ಹಾಕಿದ. ಈಗ ಬ್ರಿಟನ್ನಿನಲ್ಲಿ ಪಂದ್ಯ ನಡೆಸುವವರು ರಿಂಗಿನ ಪಕ್ಕ ವೈದ್ಯರನ್ನು ಕೂರಿಸಿ, ಹೊರಗೆ ಆಂಬುಲೆನ್ಸ್ ನಿಲ್ಲಿಸಿ, ಮಿದುಳು ಶಸ್ತ್ರಚಿಕಿತ್ಸೆಯ ಆಸ್ಪತ್ರೆಗೆ ಮೊದಲೇ ಹೇಳಿಟ್ಟಿರಬೇಕು. ಮದುವೆ ಮನೆಯವರು ಅಡುಗೆ ಭಟ್ಟರಿಗೆ ಎಲೆ ಲೆಕ್ಕ ಕೊಟ್ಟಿರುತ್ತಾರಲ್ಲ, ಹಾಗೆ. ಇಷ್ಟಾದ ಮೇಲೂ ರಿಂಗಿನಲ್ಲಿ ಯಾರಾದರೂ ಸತ್ತರೆ ಅದನ್ನು ಅಪಘಾತ ಎಂದೇ ಕರೆಯುತ್ತಾರೆ.

ಪ್ಯಾರೆಟ್ ಪ್ರಕರಣದಲ್ಲಿ ಸರ್ಕಾರ ಏನು ಮಾಡಿತು ಎಂದು ಕನ್ನಡ ಓದುಗರಿಗೆ ಹೇಳಬೇಕಾಗಿಲ್ಲ. ನ್ಯೂಯಾರ್ಕಿನ ಗವರ್ನರ್ ಸಮಿತಿ ರಚಿಸಿದ.

ಇನ್ನು ಅಭಿಪ್ರಾಯಗಳ ವಿಷಯ. ನಮ್ಮ ಪಾರ್ಕಿನಲ್ಲಿ ಬೆಳಗಿನ ವಾಕಿಂಗ್ ಮುಗಿಸಿ ಕಲ್ಲುಬೆಂಚಿನ ಮೇಲೆ ಕೂರುವ ನಿವೃತ್ತ ಬ್ಯಾಂಕ್ ಮ್ಯಾನೇಜರೊಬ್ಬರಿದ್ದಾರೆ, ಬಾಕ್ಸಿಂಗಿನ ಪರಮ ಭಕ್ತರು. "ರೀ, ಬಾಕ್ಸಿಂಗ್ ಅಂದ್ರೆ ಹೊಡೆಯೋದಲ್ಲ. ಏಟು ತಪ್ಪಿಸಿಕೊಳ್ಳೋ ಕಲೆ ಕಣ್ರೀ ಅದು" ಎನ್ನುತ್ತಾರೆ. ಕುದುರೆ ಸವಾರಿಯಲ್ಲಿ, ಬೆಟ್ಟ ಹತ್ತುವುದರಲ್ಲಿ ಸಾಯುವವರಿಲ್ಲವೇ ಎಂದು ಕೇಳುತ್ತಾರೆ. ಇದ್ದಾರೆ ಸಾರ್, ಆದರೆ ಸವಾರನನ್ನು ಕೆಡವಿದ್ದಕ್ಕೆ ಕುದುರೆಗೆ ಪಾಯಿಂಟ್ ಕೊಡುವ ಪದ್ಧತಿ ಇನ್ನೂ ಬಂದಿಲ್ಲ ಎಂದರೆ, ನಿಮಗೆ ಕ್ರೀಡಾ ಮನೋಭಾವವೇ ಇಲ್ಲ ಎಂದು ಮಂಕಿ ಕ್ಯಾಪ್ ಸರಿಮಾಡಿಕೊಳ್ಳುತ್ತಾರೆ. ಬಡ ಮಕ್ಕಳನ್ನು ಬೀದಿಯಿಂದ ಎತ್ತಿ ದಡ ಸೇರಿಸುವ ಆಟ ಎನ್ನುವುದು ಅವರ ಬ್ರಹ್ಮಾಸ್ತ್ರ. ಮಾತು ಪೂರ್ತಿ ಸುಳ್ಳೇನಲ್ಲ. ಮಣಿಪುರದ ಗದ್ದೆ ಕೆಲಸದ ಮನೆಯಿಂದ ಬಂದ ಮೇರಿ ಕೋಮ್ 2012ರಲ್ಲಿ ಒಲಿಂಪಿಕ್ಸ್ ಕಂಚು ತಂದಾಗ ಕಣ್ಣು ಒದ್ದೆಯಾದವರಲ್ಲಿ ನಾನೂ ಒಬ್ಬ. ಆದರೆ ಬಡವರ ಉದ್ಧಾರಕ್ಕೆ ಅವರ ತಲೆಯನ್ನೇ ಬಂಡವಾಳವಾಗಿ ಹೂಡಿಸುವ ಯೋಜನೆಗೆ ಸಾಲ ಮಂಜೂರು ಮಾಡುತ್ತಿದ್ದಿರಾ ಸಾರ್ ಎಂದು ಕೇಳಿದರೆ, ನಿವೃತ್ತರಾಗಿದ್ದರೂ ಮ್ಯಾನೇಜರಿಗೆ ಕೋಪ ಬರುತ್ತದೆ.

ನಿಷೇಧ ಬೇಕೆನ್ನುವವರೂ ಕಡಿಮೆಯೇನಲ್ಲ. ಗ್ಯಾಲರಿಯಲ್ಲಿ ಕೂತವರಿಗೆ ಆಗಲೇ ಗೊತ್ತಿದ್ದ ಬಾಕ್ಸರುಗಳ ತಲೆರೋಗವನ್ನು 1928ರಲ್ಲಿ ಹ್ಯಾರಿಸನ್ ಮಾರ್ಟ್‌ಲ್ಯಾಂಡ್ ಎಂಬ ಅಮೆರಿಕನ್ ವೈದ್ಯ ವೈದ್ಯಕೀಯ ಪತ್ರಿಕೆಯಲ್ಲಿ ಬರೆದ. ಅದನ್ನು ಓದಿ, ಅರಗಿಸಿಕೊಂಡು, ಅಮೆರಿಕನ್ ಮೆಡಿಕಲ್ ಅಸೋಸಿಯೇಷನ್ ಬಾಕ್ಸಿಂಗ್ ನಿಲ್ಲಿಸಿ ಎಂದು ನಿರ್ಣಯ ಮಾಡಿದ್ದು 1984ರಲ್ಲಿ. ಇದು ಹತ್ತು ಎಣಿಸುವುದಕ್ಕಿಂತ ಸ್ವಲ್ಪ ನಿಧಾನ. ಬ್ರಿಟನ್ನಿನ ವೈದ್ಯರ ಸಂಘವೂ ಹಾಗೇ ಅಂದಿತು. ನಿರ್ಣಯ ನಿರ್ಣಯದ ಪಾಡಿಗೆ, ರಿಂಗಿನ ಪಕ್ಕದ ವೈದ್ಯರ ಕುರ್ಚಿ ಕುರ್ಚಿಯ ಪಾಡಿಗೆ. ಮಹಮ್ಮದ್ ಅಲಿಯ ವೈದ್ಯ ಫರ್ಡಿ ಪಚೆಕೊ ಇವರೆಲ್ಲರಿಗಿಂತ ಪ್ರಾಮಾಣಿಕ. ಇನ್ನು ಆಡಿದರೆ ಕೆಡುತ್ತಾನೆ ಎಂದು 1977ರಲ್ಲಿ ಎಚ್ಚರಿಕೆ ಕೊಟ್ಟು, ಯಾರೂ ಕೇಳದಿದ್ದಾಗ ಅಲಿಯ ಬಳಗವನ್ನೇ ಬಿಟ್ಟು ಹೊರಬಂದ. ಬಂದವನು ಟಿವಿಯಲ್ಲಿ ಬಾಕ್ಸಿಂಗ್ ವಿಶ್ಲೇಷಕನಾದ. ಇತ್ತ ಅಲಿ 1980ರಲ್ಲಿ, ಮೂವತ್ತೆಂಟರ ವಯಸ್ಸಿನಲ್ಲಿ, ಲ್ಯಾರಿ ಹೋಮ್ಸ್‌ನಿಂದ ಹತ್ತು ಸುತ್ತು ಹೊಡೆತ ತಿಂದ. 1984ರಲ್ಲಿ ಅವನಿಗೆ ಪಾರ್ಕಿನ್ಸನ್ ಕಾಯಿಲೆ ಎಂದು ಗೊತ್ತಾಯಿತು. 1996ರಲ್ಲಿ ಅಟ್ಲಾಂಟಾದಲ್ಲಿ ನಡುಗುವ ಕೈಯಿಂದ ಅವನು ಒಲಿಂಪಿಕ್ ಜ್ಯೋತಿ ಹೊತ್ತಿಸಿದಾಗ ಜಗತ್ತೇ ಅತ್ತಿತು. 1980ರಲ್ಲಿ ಟಿಕೆಟ್ ಕೊಂಡವರೂ ಧಾರಾಳವಾಗಿ ಅತ್ತರು.

ಸ್ವೀಡನ್ ಮಾತ್ರ ನಿರ್ಣಯದಲ್ಲಿ ನಿಲ್ಲದೆ 1970ರಲ್ಲಿ ವೃತ್ತಿಪರ ಬಾಕ್ಸಿಂಗನ್ನು ನಿಷೇಧಿಸಿಯೇ ಬಿಟ್ಟಿತು. ಅಲ್ಲಿನ ಬಾಕ್ಸರುಗಳು ಪರದೇಶಗಳಿಗೆ ಹೋಗಿ ಗುದ್ದಾಡಿದರು. 2006ರಲ್ಲಿ ನಿಷೇಧವನ್ನು ಸಡಿಲಿಸಿದರು. ಆ ದೇಶದ ಹೆಮ್ಮೆಯ ಇಂಗೆಮಾರ್ ಯೊಹಾನ್ಸನ್ 1959ರಲ್ಲಿ ಫ್ಲಾಯ್ಡ್ ಪ್ಯಾಟರ್ಸನ್‌ನನ್ನು ಉರುಳಿಸಿ ಹೆವಿವೇಟ್ ಚಾಂಪಿಯನ್ ಆಗಿದ್ದವನು. ಮುಂದಿನ ಎರಡು ಸಲ ಪ್ಯಾಟರ್ಸನ್ ಅವನನ್ನು ಉರುಳಿಸಿದ. ಆಮೇಲೆ ಇಬ್ಬರೂ ಜೀವದ ಗೆಳೆಯರಾದರು. ಕೊನೆಗಾಲದಲ್ಲಿ ಇಬ್ಬರಿಗೂ ಮರೆವಿನ ಕಾಯಿಲೆ. ಈ ಪ್ಯಾಟರ್ಸನ್‌ನನ್ನು ನ್ಯೂಯಾರ್ಕ್ ರಾಜ್ಯ ತನ್ನ ಬಾಕ್ಸಿಂಗ್ ನಿಯಂತ್ರಣ ಆಯೋಗದ ಅಧ್ಯಕ್ಷನನ್ನಾಗಿ ಮಾಡಿತ್ತು. 1998ರಲ್ಲಿ ಒಂದು ಮೊಕದ್ದಮೆಯಲ್ಲಿ ಅವನ ಹೇಳಿಕೆ ತೆಗೆದುಕೊಳ್ಳುತ್ತಿದ್ದಾಗ, ನೀವು ಮೊದಲ ಸಲ ಚಾಂಪಿಯನ್ ಆದದ್ದು ಯಾರನ್ನು ಸೋಲಿಸಿ ಎಂದು ವಕೀಲ ಕೇಳಿದ. 1956ರಲ್ಲಿ ಸೋಲಿಸಿದ್ದು ಆರ್ಚಿ ಮೂರ್‌ನನ್ನು. ಅಧ್ಯಕ್ಷರಿಗೆ ನೆನಪಾಗಲಿಲ್ಲ. ಬಾಕ್ಸರುಗಳ ತಲೆ ಕಾಯುವ ಆಯೋಗದ ತಲೆಯಾಗಿದ್ದ ಮನುಷ್ಯ ರಾಜೀನಾಮೆ ಕೊಟ್ಟು ಮನೆಗೆ ಹೋದ. ಬಾಕ್ಸಿಂಗಿನ ಅಪಾಯದ ಬಗ್ಗೆ ಯಾವ ಆಯೋಗವೂ ಇದಕ್ಕಿಂತ ಸ್ಪಷ್ಟವಾದ ವರದಿ ಕೊಟ್ಟಿಲ್ಲ.

ನಮ್ಮ ಕಡೆಯೂ ಒಂದು ಹೋಲಿಕೆ ಸಿಗುತ್ತದೆ. ಮೈಸೂರಿನ ಅರಮನೆಯಲ್ಲಿ ವಿಜಯದಶಮಿಯ ದಿನ ಜೆಟ್ಟಿಗಳ ವಜ್ರಮುಷ್ಟಿ ಕಾಳಗ ನಡೆಯುತ್ತದೆ. ತಲೆ ಬೋಳಿಸಿ, ಮುಷ್ಟಿಗೆ ಮೊನಚಾದ ಆಯುಧ ತೊಟ್ಟು ಇಳಿಯುತ್ತಾರೆ. ನೋಡಿದವರು ಅಬ್ಬಾ, ಎಂಥ ಬರ್ಬರ ಎನ್ನುತ್ತಾರೆ. ಆದರೆ ತಲೆಯಿಂದ ನೆತ್ತರ ಹನಿ ಚಿಮ್ಮಿದ್ದೇ ತಡ, ಕಾಳಗ ಮುಗಿಯಿತು. ಎಷ್ಟೋ ಸಲ ಮೊಬೈಲ್ ಎತ್ತಿ ಹಿಡಿದವರಿಗೆ ವಿಡಿಯೊ ಶುರುಮಾಡುವಷ್ಟೂ ಹೊತ್ತು ಸಿಗುವುದಿಲ್ಲ. ನಾಗರಿಕ ಬಾಕ್ಸಿಂಗಿನಲ್ಲಿ ನೆತ್ತರಿಗೆಂದೇ ಸಂಬಳದ ಒಬ್ಬ ನೌಕರನಿದ್ದಾನೆ, ಕಟ್‌ಮ್ಯಾನ್ ಎನ್ನುತ್ತಾರೆ. ಎರಡು ಸುತ್ತಿನ ನಡುವೆ ಅವನಿಗೆ ಸಿಗುವುದು ಒಂದೇ ನಿಮಿಷ. ಅಡ್ರಿನಲಿನ್ ಅದ್ದಿದ ಹತ್ತಿಯ ಕಡ್ಡಿಯನ್ನು ಹುಬ್ಬಿನ ಸೀಳಿಗೆ ಒತ್ತಿ ಹಿಡಿಯುತ್ತಾನೆ, ಊದಿದ ಕಣ್ಣಿನ ಕೆಳಗೆ ಮಂಜುಗಡ್ಡೆಯಲ್ಲಿಟ್ಟ ಲೋಹದ ತುಂಡನ್ನು ಆನಿಸುತ್ತಾನೆ, ಮುಖಕ್ಕೆಲ್ಲ ವ್ಯಾಸಲೀನ್ ಮೆತ್ತಿ ಗಂಟೆ ಬಾರಿಸುವುದರೊಳಗೆ ಎಬ್ಬಿಸಿ ಕಳಿಸುತ್ತಾನೆ. ಮೈಸೂರಿನಲ್ಲಿ ನೆತ್ತರು ಕಂಡರೆ ಕಾಳಗ ನಿಲ್ಲುತ್ತದೆ, ಲಾಸ್ ವೇಗಸ್‌ನಲ್ಲಿ ಕಾಳಗ ನಿಲ್ಲದಿರಲೆಂದು ನೆತ್ತರು ನಿಲ್ಲಿಸುತ್ತಾರೆ.

ಹಾಗೆಂದು ನಾವು ಬೀಗುವಂತೆಯೂ ಇಲ್ಲ. 2022ರ ಜುಲೈನಲ್ಲಿ ಬೆಂಗಳೂರಿನಲ್ಲಿ ನಡೆದ ಕಿಕ್‌ಬಾಕ್ಸಿಂಗ್ ಪಂದ್ಯದಲ್ಲಿ ಮೈಸೂರಿನ ಹುಡುಗನೊಬ್ಬ ಏಟು ತಿಂದು ಬಿದ್ದವನು ಆಸ್ಪತ್ರೆಯಿಂದ ಹಿಂದಿರುಗಲಿಲ್ಲ. ಸ್ಥಳದಲ್ಲಿ ವೈದ್ಯಕೀಯ ವ್ಯವಸ್ಥೆಯೇ ಇರಲಿಲ್ಲ ಎಂದು ಮನೆಯವರು ದೂರಿದರು. ವಾಟ್ಸನ್ ಲಂಡನ್ನಿನ ಕೋರ್ಟಿನಲ್ಲಿ ಇದೇ ಮಾತು ಹೇಳಿ ಗೆದ್ದು ಎರಡು ದಶಕ ಕಳೆದಿತ್ತು. ಚಾನೆಲ್ಲುಗಳಲ್ಲಿ ಬಿದ್ದ ದೃಶ್ಯವನ್ನು ಕೆಂಪು ವೃತ್ತ ಹಾಕಿ ಮತ್ತೆ ಮತ್ತೆ ತೋರಿಸಿದರು. ಚರ್ಚೆ ಮುಗಿಯಿತು.

2024ರ ನವೆಂಬರಿನಲ್ಲಿ ಅಮೆರಿಕದ ಟೆಕ್ಸಸ್‌ನಲ್ಲಿ ಐವತ್ತೆಂಟರ ಮೈಕ್ ಟೈಸನ್, ಇಪ್ಪತ್ತೇಳರ ಯೂಟ್ಯೂಬ್ ಹುಡುಗ ಜೇಕ್ ಪಾಲ್ ಜೊತೆ ಸೆಣಸಿದಾಗ ನಮಗೆ ಶನಿವಾರ ಬೆಳಗಿನ ತಿಂಡಿಯ ಹೊತ್ತು. ಮ್ಯಾನೇಜರ್ ಸಾಹೇಬರು ಮನೆಗೆ ಕರೆದಿದ್ದರು. ಟೀಪಾಯಿಯ ಮೇಲೆ ಅಕ್ಕಿರೊಟ್ಟಿ, ಟಿವಿಯಲ್ಲಿ ನೆಟ್‌ಫ್ಲಿಕ್ಸ್. ಮೊದಲು ನಮ್ಮವನೇ ಆದ ನೀರಜ್ ಗೋಯತ್ ಒಬ್ಬ ಬ್ರೆಜಿಲ್ ಹಾಸ್ಯನಟನನ್ನು ಸೋಲಿಸಿದ. ಆಮೇಲೆ ಕೇಟಿ ಟೇಲರ್ ಮತ್ತು ಅಮಾಂಡಾ ಸೆರಾನೊ ಹತ್ತು ಸುತ್ತು ಜಿದ್ದಿಗೆ ಬಿದ್ದರು. ಹುಬ್ಬು ಸೀಳಿ ಸೆರಾನೊಳ ಮುಖವೆಲ್ಲ ನೆತ್ತರಾಗಿತ್ತು. ಸಾಹೇಬರು ರೊಟ್ಟಿ ಮುರಿಯುವುದನ್ನು ಮರೆತು ಸೋಫಾದ ಅಂಚಿಗೆ ಬಂದಿದ್ದರು. ಅಷ್ಟರಲ್ಲಿ ತೆರೆಯ ಮೇಲೆ ಕೆಂಪು ಬಳೆ ಗಿರಗಿರ ತಿರುಗತೊಡಗಿತು. ಬಾಕ್ಸಿಂಗಿನ ಬಗ್ಗೆ ಅಂದು ಜಗತ್ತಿನಾದ್ಯಂತ ಒಮ್ಮತದಿಂದ ವ್ಯಕ್ತವಾದ ಆಕ್ರೋಶ ಬಫರಿಂಗ್ ಕುರಿತಾದದ್ದು.

ಟೈಸನ್ ಬಂದ. ಎರಡೆರಡು ನಿಮಿಷದ ಎಂಟು ಸುತ್ತು, ಮಾಮೂಲಿಗಿಂತ ದಪ್ಪ ಗ್ಲೌಸು. ಅಷ್ಟೂ ಹೊತ್ತಿನಲ್ಲಿ ಮುದುಕ ತಾಗಿಸಿದ್ದು ಹದಿನೆಂಟು ಗುದ್ದು. ಹುಡುಗ ಕೊನೆಯಲ್ಲಿ ತಲೆಬಾಗಿ ನಮಸ್ಕಾರ ಮಾಡಿದ, ಇಬ್ಬರೂ ನಡೆದುಕೊಂಡೇ ರಿಂಗಿನಿಂದ ಇಳಿದರು. ಕ್ರೀಡಾಂಗಣ ಪೂರ್ತಿ ಛೀಮಾರಿ ಹಾಕುತ್ತಿತ್ತು.

"ಏಟು ತಪ್ಪಿಸಿಕೊಳ್ಳೋ ಕಲೆ ಚೆನ್ನಾಗಿತ್ತಲ್ಲ ಸಾರ್" ಎಂದೆ.

"ಸುಮ್ನಿರ್ರೀ. ಬೆಳಗ್ಗಿನಿಂದ ಕಾದು ಕೂತಿದ್ದೀನಿ, ಒಬ್ಬನಾದ್ರೂ ಬಿದ್ನೇನ್ರೀ?" ಎಂದು ಸಾಹೇಬರು ರಿಮೋಟನ್ನು ಸೋಫಾದ ಮೇಲೆ ಎಸೆದರು.